ಗಂಟಲೊಳಗಿನ ಜೇನು

ನಿಜಾಮರ ಕಾಲದ ಬೀದರದಲ್ಲಿ ಇಂಗ್ಲಿಷ್ ಕಲಿಸಲು ಹೊರಟವರು ಯಾರೇ ಆಗಲಿ, ಮೊದಲು ಮಡೆಪ್ಪ ಮಾಸ್ತರರ ಎದುರು ಬಾಯಿ ತೆರೆದು ಕೂಡಬೇಕಿತ್ತು. ಪುಸ್ತಕ ಆಮೇಲೆ, ಮೊದಲು ತುಟಿ, ನಾಲಿಗೆ, ಗಂಟಲು. ಭಾಲ್ಕಿಯಿಂದ ಬಂದ ಮೀಸೆ ಹೊತ್ತ ಗಂಡಸರು ಅಂಗೈಯಲ್ಲಿ ಅರಳೆಯನ್ನು ಬಾಯೆದುರು ಹಿಡಿದು, ಅದು ಉಸಿರಿಗೆ ಹಾರುವಂತೆ ‘ಪೆನ್’ ಅನ್ನಬೇಕು. ಅರಳೆ ಹಾರದಿದ್ದರೆ ಮಾಸ್ತರರಿಗೆ ಅಂದು ಊಟ ರುಚಿಸುತ್ತಿರಲಿಲ್ಲ. “ಕೆಳದುಟಿ ಹಲ್ಲಾಗ ಹಿಡೀರಿ, ಗಂಟಲ ಮ್ಯಾಲ ಕೈ ಇಡ್ರಿ. ಈಗ ‘ವೆರಿ’ ಅನ್ರಿ! ಒಳಗ ಜೇನುಹುಳ ಗುಂಯ್ ಅಂತದೋ ಇಲ್ಲೋ?” ಔರಾದದವರೊಬ್ಬರು ಸಂತೆಯಲ್ಲೂ ಕೊರಳು ಹಿಡಿದು ಗುಂಯ್‌ಗುಟ್ಟುತ್ತಲೇ ಜೋಳ ಕೊಂಡರಂತೆ. ಮಾಸ್ತರರದು ಇನ್ನೊಂದು ವಿಚಿತ್ರ: ಅವರು ಎಂದೂ ಬೆನ್ನು ತಿರುಗಿಸಿ ಮಾತಾಡಿದವರಲ್ಲ. ಹಲಗೆಯ ಮೇಲೆ ಬರೆಯುವಾಗ ಮೌನ, ಮಾತಿಗೆ ಮೊದಲು ಮುಖ ಬೆಳಕಿನ ಕಡೆಗೆ. ಒಮ್ಮೆ ಹೈದರಾಬಾದಿನಿಂದ ತಪಾಸಣೆಗೆ ಬಂದ ಸಾಹೇಬರು ಈ ಗುಂಯ್‌ಗಾನ ಕೇಳಿ ಸಿಡುಕಿದರು: “ಏ ಕ್ಯಾ ತಮಾಶಾ ಹೈ? ಬಂದ್ ಕರೋ!” ಮಾಸ್ತರರು ಬಾಗಿಲ ಕಡೆ ನೋಡಿದರು. ಬುತ್ತಿ ತಂದು ಅಲ್ಲಿ ನಿಂತಿದ್ದ ಹೆಂಡತಿ ಶಿವಕಾಂತಾಳನ್ನು ಕೈಸನ್ನೆಯಿಂದ ಕರೆದರು. “ಹುಟ್ಟಾ ಕಿವುಡಿ ಇದ್ದಾಳ್ರಿ ಸಾಹೇಬ್ರ. ನನ್ನ ತುಟಿ ನೋಡಿ, ಗಂಟಲ ಮ್ಯಾಲ ಕೈ ಇಟ್ಟು ಮಾತು ಕಲ್ತಾಳ. ನಾ ಕಲಿಸೋದು ಕಲ್ತಿದ್ದು ಅಕಿ ಹತ್ತರನ್ರಿ.” ಆಕೆ ಸೆರಗು ಸರಿಮಾಡಿಕೊಂಡು, ಸಾಹೇಬರ ಮುಖ ನೋಡಿ, ಒರಟಾದರೂ ಸ್ಪಷ್ಟವಾದ ದನಿಯಲ್ಲಿ ಅಂದಳು: “ಬರ್ರಿ, ಊಟ ಮಾಡೂಣು.” ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ಬಡಿಯಿತು. ಸಾಹೇಬರ ಕೈ, ತಮ್ಮ ಜೇನು ಅಲ್ಲಿದೆಯೋ ಇಲ್ಲವೋ ಎಂದು, ಮೆಲ್ಲಗೆ ಗಂಟಲಿಗೆ ಹೋಯಿತು.