ಉಪ್ಪುನೀರಿನ ಭರಣಿಯೂ ಹಾಯಿದೋಣಿಯ ಕೊಂಡಿಯೂ

ಕಾಂತಕ್ಕನನ್ನು ಜಗಳಗಂಟಿ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉದ್ಯಮಬಾಗದಲ್ಲಿ ಅವಳದೊಂದು ಸಣ್ಣ ಕಾರ್ಖಾನೆ. ಅಲ್ಲಿ ಮಾಲು ಪ್ಯಾಕ್ ಮಾಡುವವಳು ನಾನು. ಗಂಡ ತೀರಿಕೊಂಡ ಮೇಲೆ, ಕಾರ್ಖಾನೆಯ ಲೇಥು ಯಂತ್ರಗಳನ್ನು ಮಾರಿ ಶಿವಬಸವ ನಗರದ ಮನೆಯಲ್ಲಿ ತೆಪ್ಪಗೆ ಕೂಡು ಎಂದು ನೆಂಟರೆಲ್ಲ ಬುದ್ಧಿ ಹೇಳಿದರು. ಅವಳು ಕೂಡಲಿಲ್ಲ. ಗೋವಾದ ಹಾಯಿದೋಣಿಗಳಿಗೆ ಸ್ಟೀಲಿನ ಕೊಂಡಿ ಮಾಡಿ ಕಳಿಸತೊಡಗಿದಳು. ದೋಣಿಯ ಹಾಯಿಕಂಬವನ್ನು ತಂತಿಹಗ್ಗಗಳು ನಾಲ್ಕೂ ಕಡೆಯಿಂದ ಜಗ್ಗಿ ಹಿಡಿದಿರುತ್ತವೆ. ಆ ಹಗ್ಗಗಳ ಬುಡದಲ್ಲಿರುವುದೇ ಈ ಕೊಂಡಿ. ಅದು ಮುರಿದರೆ ಕಂಬ ಬೀಳುತ್ತದೆ, ಕಂಬದ ಮೇಲೆ ಮನುಷ್ಯನಿದ್ದರೆ ಅವನೂ ಬೀಳುತ್ತಾನೆ.

ಇದಕ್ಕೆ ಬೇಕಾದ್ದು 316 ನಂಬರಿನ ಸ್ಟೀಲು. 304 ಅಗ್ಗ, ನೋಡಲಿಕ್ಕೆ ಎರಡೂ ಒಂದೇ, ಆದರೆ ಸಮುದ್ರದ ಉಪ್ಪು 304 ಅನ್ನು ಒಳಗೊಳಗೇ ತಿನ್ನುತ್ತದೆ. ಕೊಳ್ಳುವ ಜನರ ಪರೀಕ್ಷೆಯೋ, ದೇವರೇ ಗತಿ! ಕಿಸೆಯಿಂದ ಮ್ಯಾಗ್ನೆಟ್ ತೆಗೆಯುವುದು, ಹಚ್ಚುವುದು, ಹಿಡಿಯಲಿಲ್ಲವೆಂದರೆ ಅಸಲಿ ಮಾಲೆಂದು ಒಯ್ಯುವುದು. ಮ್ಯಾಗ್ನೆಟ್ಟಿಗೆ 304 ಕೂಡ ಹಿಡಿಯುವುದಿಲ್ಲ ಎಂದು ಕಾಂತಕ್ಕ ಬಡಕೊಂಡದ್ದೇ ಬಂತು. ಅವಳು ಮಾತ್ರ ಹೊಸ ಸರಳು ಬಂದಾಗಲೆಲ್ಲ ಒಂದು ತುಂಡನ್ನು ಅಡುಗೆಮನೆಯಲ್ಲಿ ಮಾವಿನಕಾಯಿ ನೆನೆಸಿದ ಉಪ್ಪುನೀರಿನ ಭರಣಿಗೆ ಹಾಕಿಡುತ್ತಿದ್ದಳು. ಅವಳ ಮನೆಯಲ್ಲಿ ಉಪ್ಪಿನಕಾಯಿ ಬಡಿಸಿದರೆ ನಾನು ಒಲ್ಲೆ ಎನ್ನುತ್ತಿದ್ದುದು ಅದಕ್ಕೇ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಆ ಭರಣಿಯನ್ನೇ ಎತ್ತಿಕೊಂಡು ಕಾರ್ಖಾನೆಗೆ ಬಂದಳು. ಹಳೆಯ ತುಂಡುಗಳು ಹೊಳೆಯುತ್ತಿದ್ದವು. ಹೊಸದರ ಮೈಮೇಲೆ ಕಂದು ಚುಕ್ಕೆ. ಕೆರೆದರೆ ಅಡಿಯಲ್ಲಿ ಸಣ್ಣ ಸಣ್ಣ ತೂತು. ಆ ಸರಳು ಕೊಂಡು ತಂದವನು ಅವಳ ಮೈದುನ ರೋಹನ.

“ಇದು 304 ಅಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು ವೈನಿ. ಗೋವಾದವರೂ ಮ್ಯಾಗ್ನೆಟ್ ಹಚ್ಚೇ ನೋಡ್ತಾರ. ಸುಮ್ಮನ ಯಾಕ ತಲಿ ಕೆಡಿಸ್ಕೋತೀರಿ?”

ಎಷ್ಟು ಆರಾಮಾಗಿ ಹೇಳಿದ, ಪುಣ್ಯಾತ್ಮ! ಅವನ ಕೆನ್ನೆಗೆ ಬಾರಿಸಲು ನನ್ನ ಕೈ ತುರಿಸಿತು. ಆ ಸರಳಿನಿಂದ ಮಾಡಿದ ಕೊಂಡಿಗಳೆಲ್ಲ ಆಗಲೇ ಪಾಲಿಶಿಗೆಂದು ಖಾನಾಪುರಕ್ಕೆ ಹೋಗಿದ್ದವು. ಅಲ್ಲಿಂದ ಅಂದೇ ಗೋವಾದ ಗಾಡಿ ಹತ್ತಲಿದ್ದವು. ಕಾಂತಕ್ಕ ರೋಹನನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡು, “ನೀನೂ ಹತ್ತು” ಎಂದಳು. ನಾನು ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ದಾರಿಯುದ್ದಕ್ಕೂ ಉಪ್ಪುನೀರು ನನ್ನ ಸೀರೆಗೆ ಚೆಲ್ಲಿತು.

ಖಾನಾಪುರದಲ್ಲಿ ನಮಗೆ ಪಾಲಿಶ್ ಮಾಡಿಕೊಡುವವನು ಶಾಕಿರಭಾಯಿ. ಅವನ ಮಗ ಸಮದ ಗೋವಾದ ಅದೇ ದೋಣಿಗಳ ಮೇಲೆ ಕೆಲಸಕ್ಕಿದ್ದಾನೆ. ಕಂಬದ ತುದಿಯಲ್ಲಿ ಹಗ್ಗ ಸಿಕ್ಕಿಕೊಂಡರೆ ಹತ್ತಿ ಬಿಡಿಸುವವನು ಅವನೇ. ಅಪ್ಪನ ಕೈ ದಾಟಿದ ಕೊಂಡಿಗಳು ಕನ್ನಡಿಯ ಹಾಗೆ ಮಿನುಗುತ್ತ ಪೆಟ್ಟಿಗೆ ತುಂಬಿದ್ದವು.

“ಬರ್ರಿ ಅಕ್ಕಾರ, ಕುಂದರ್ರಿ” ಎಂದ ಶಾಕಿರಭಾಯಿ.

ಕಾಂತಕ್ಕ ಕೂಡಲಿಲ್ಲ. “ಇವನ್ನ ಕಳಸಬ್ಯಾಡ್ರಿ. ಸ್ಟೀಲು ಖೋಟಾ ಐತಿ. ತಪ್ಪು ನಮ್ಮದು” ಎಂದು ಭರಣಿಯ ತುಂಡನ್ನು ಅವನ ಅಂಗೈಗೆ ಹಾಕಿದಳು.

ಅವನು ಉಗುರಿನಿಂದ ಕೆರೆದು ನೋಡಿದ. “ನಮ್ಮ ಸಮದ ಏರೂ ಕಂಬಕ್ಕ ಹಾಕೂವು ಇವೇನ್ರಿ?”

“ಹೌದ್ರಿ.”

ಅಷ್ಟರಲ್ಲಿ ರೋಹನ ಬಾಯಿ ಹಾಕಿದ. “ಆತು, ಗೋವಾಕ್ಕ ಬ್ಯಾಡ. ನಿಮ್ಮ ಮಗಾ ಅದಾನ ಅಂದ್ರ ಬಿಡೂಣು. ಮುಂಬೈ ಕಡೆ ಬ್ಯಾರೆ ಗಿರಾಕಿ ಅದಾರ, ಅವರಿಗೆ ಕೊಡೂಣು.”

ಇಂಥ ಮಾತಿಗೆ ಏನೆನ್ನಬೇಕು? ಕಾಂತಕ್ಕನ ಮುಖ ಕೆಂಪಗಾಯಿತು. ಆದರೆ ಅವಳಿಗಿಂತ ಮೊದಲು ಶಾಕಿರಭಾಯಿಯೇ ಕೇಳಿದ.

“ಅಲ್ಲಿ ಕಂಬ ಹತ್ತೂ ಹುಡುಗನ ಹೆಸರೇನ್ರಿ, ಸಾವಕಾರ್ರ?”

ಶಾಕಿರಭಾಯಿ ಕಟರ್ ಮಷೀನು ಚಾಲೂ ಮಾಡಿ, ತಾನೇ ಉಜ್ಜಿ ಹೊಳೆಯಿಸಿದ ಒಂದು ಕೊಂಡಿಯನ್ನು ಅದಕ್ಕೆ ಕೊಟ್ಟು ಎರಡು ತುಂಡು ಮಾಡಿದ. ಎರಡನೆಯ ಕೊಂಡಿಯನ್ನು ಕಾಂತಕ್ಕ ಪೆಟ್ಟಿಗೆಯಿಂದ ಎತ್ತಿ ಮೈದುನನ ಕೈಗೆ ಕೊಟ್ಟಳು.

“ಇನ್ನ ಉಳಿದದ್ದೆಲ್ಲಾ ನೀನ ಕತ್ತರಸು.”

ಪೆಟ್ಟಿಗೆ ಬರಿದಾಗುವವರೆಗೆ ಅವನು ಕತ್ತರಿಸಿದ. ಅವಳು ಪಕ್ಕದಲ್ಲೇ ನಿಂತಿದ್ದಳು. ಒಂದೊಂದು ಕೊಂಡಿ ಎರಡಾಗಿ ಬಿದ್ದಾಗಲೂ ಅವಳು ಕೇಳಿದ್ದು ಒಂದೇ ಮಾತು: “ಆ ಹುಡುಗನ ಹೆಸರು ಗೊತ್ತಾತೇನು?”