ಗೋಲ್‌ಕೀಪರನಿಗೆ ತಂದ ಕಂಬಳಿ

ನಾನು ಇನ್ನೂ ಚಿಕ್ಕವಳಿದ್ದಾಗ, ಅಂದರೆ ಅಕ್ಕನಿಗೆ ಗಿಡ್ಡವಾದ ಫ್ರಾಕುಗಳನ್ನೇ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ನಮ್ಮ ಹೂಸ್ಟನ್ನಿಗೆ ಅದರದೇ ಆದ ಒಂದು ಐಸ್ ಹಾಕಿ ತಂಡವಿತ್ತು. ಹುಬ್ಬೇರಿಸಬೇಡಿ, ನಿಜವೇ ಹೇಳುತ್ತಿದ್ದೇನೆ. ರಸ್ತೆಯ ಟಾರು ಚಪ್ಪಲಿಗೆ ಅಂಟಿಕೊಳ್ಳುವಷ್ಟು ಬಿಸಿಲಿನ ಊರಿನಲ್ಲಿ, ಒಂದು ದೊಡ್ಡ ಕಟ್ಟಡದ ಒಳಗೆ ಮಂಜುಗಡ್ಡೆ ಹಾಸಿ, ಅದರ ಮೇಲೆ ಗಡ್ಡದ ಗಂಡಸರು ಜಾರುತ್ತ ಹಾಕಿ ಆಡುತ್ತಿದ್ದರು. ಅದೇ ಅವರ ನೌಕರಿ.

ನನ್ನ ಅಪ್ಪ ಧಾರವಾಡದವನು, ಹೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಸರ್ಜನ್. ಒಂದು ದಿನ ಆ ತಂಡದ ಗೋಲ್‌ಕೀಪರ್ ಹುಬ್ಬು ಸೀಳಿಕೊಂಡು ಬಂದನಂತೆ. ಹೊಲಿಗೆ ಹಾಕುತ್ತ ಅಪ್ಪ, ತಾನೂ ಕಾಲೇಜಿನಲ್ಲಿ ಹಾಕಿ ಆಡಿದವನೇ ಎಂದು ಜಂಬ ಕೊಚ್ಚಿಕೊಂಡ. ಮರುವಾರ ನಮ್ಮ ನಾಲ್ವರಿಗೂ ಟಿಕೆಟ್ ಬಂತು. ಅಪ್ಪನ ತಲೆಯಲ್ಲಿದ್ದದ್ದು ಧಾರವಾಡದ ಕೆಮ್ಮಣ್ಣಿನ ಮೈದಾನ. ಬಿಸಿಲು ಜೋರು ಎಂದು ಅಮ್ಮ ತೆಳು ನೂಲಿನ ಸೀರೆ ಉಟ್ಟು, ನನಗೂ ಅಕ್ಕನಿಗೂ ಟೋಪಿ ಹಾಕಿ, ಕೊಡೆ ಹಿಡಿದು ಹೊರಟಳು. ಬಾಗಿಲು ದಾಟಿದ್ದೇ ತಣ್ಣನೆಯ ಗಾಳಿ ಕಪಾಳಕ್ಕೆ ಬಡಿಯಿತು. ಅಮ್ಮ ಅವತ್ತು ಇಡೀ ಆಟವನ್ನು ಸೆರಗಿನೊಳಗೆ ಮುದುಡಿಕೊಂಡು ನೋಡಿದಳು. ಆಟದ ನಡುವೆ ಆಟಗಾರರು ಕೋಲು ಬಿಸಾಡಿ ಒಬ್ಬರನ್ನೊಬ್ಬರು ಗುದ್ದತೊಡಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಯಾರೂ ಪೊಲೀಸರನ್ನು ಕರೆಯಲಿಲ್ಲ. ಜನ ಎದ್ದು ನಿಂತು ಕೇಕೆ ಹಾಕಿದರು.

ಆದರೂ ನಾವು ಮತ್ತೆ ಮತ್ತೆ ಹೋದೆವು, ಸ್ವೆಟರ್ ಹಾಕಿಕೊಂಡು. ಆಟ ಮುಗಿದ ಮೇಲೆ ಗೋಲ್‌ಕೀಪರ್ ಹಿಂದಿನ ಬಾಗಿಲಿಗೆ ಬಂದು ಅಪ್ಪನ ಕೈ ಕುಲುಕುತ್ತಿದ್ದ, ತನ್ನ ದಪ್ಪ ಗ್ಲೌಸಿನಿಂದ ನನ್ನ ತಲೆಯ ಮೇಲೆ ಒಂದು ತಟ್ಟು ತಟ್ಟುತ್ತಿದ್ದ. ಆ ತಟ್ಟಿಗೆ ರಿಬ್ಬನ್ನು ಅಡ್ಡ ಬರಬಾರದೆಂದು ನಾನು ಎರಡು ಜಡೆ ಬಿಟ್ಟು ಒಂದೇ ಜಡೆ ಹಾಕಿಸಿಕೊಳ್ಳುತ್ತಿದ್ದೆ. ನನಗೆ ಅವನದೊಂದೇ ಚಿಂತೆ. ಉಳಿದವರೆಲ್ಲ ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಾರೆ, ಇವನೊಬ್ಬ ಮಾತ್ರ ಮಂಜುಗಡ್ಡೆಯ ಮೇಲೆ ನಿಂತಲ್ಲೇ ನಿಂತಿರುತ್ತಾನೆ, ಪಾಪ, ಕಾಲು ಮರಗಟ್ಟುವುದಿಲ್ಲವೇ? ವಸಂತದಲ್ಲಿ ಕೊನೆಯ ಆಟದ ದಿನ ನಾನು ಅವನಿಗೆ, ನಾವು ರಜಕ್ಕೆ ಊರಿಗೆ ಹೋಗುತ್ತಿದ್ದೇವೆ, ನಿನ್ನ ಕಾಲಿಗೊಂದು ಸಾಮಾನು ತರುತ್ತೇನೆ ಎಂದೆ. ಅವನು ಬಗ್ಗಿ, ಮರೆಯಬೇಡ, ಕಾಯುತ್ತಿರುತ್ತೇನೆ ಎಂದು ನಕ್ಕ.

ಮರೆಯುವ ಮಾತೆಲ್ಲಿ ಬಂತು. ಧಾರವಾಡದ ಸಂತೆಯಲ್ಲಿ ಹಟ ಹಿಡಿದು ಒಂದು ಕರಿ ಕಂಬಳಿ ಕೊಡಿಸಿಕೊಂಡೆ. ಗೋಲಿನ ಮುಂದೆ ಹಾಸಿಕೊಂಡು ಅದರ ಮೇಲೆ ನಿಲ್ಲಲಿ ಎಂಬುದು ನನ್ನ ಯೋಜನೆ. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿ, ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿತ್ತು, ಕುರಿಯ ವಾಸನೆ ಗಮ್ಮೆನ್ನುತ್ತಿತ್ತು. ಅದರ ಭಾರಕ್ಕೆ ಅಮ್ಮ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಎರಡು ಡಬ್ಬಿ ಉಪ್ಪಿನಕಾಯಿ ಬಿಟ್ಟು ಬರಬೇಕಾಯಿತು. ಮಂಜುಗಡ್ಡೆಯ ಮೇಲೆ ಯಾರಾದರೂ ಕಂಬಳಿ ಹಾಸುತ್ತಾರಾ ಎಂದು ಅಕ್ಕ ವಿಮಾನ ಇಳಿಯುವ ತನಕ ಗೇಲಿ ಮಾಡಿದಳು. ಅಪ್ಪ ನಗಲಿಲ್ಲ. ನಿಂತವರ ಕಾಲಿಗೇ ಥಂಡಿ ಮೊದಲು ಹತ್ತುವುದು ಎಂದು ಡಾಕ್ಟರರ ಗತ್ತಿನಲ್ಲಿ ನನ್ನ ಪರ ವಹಿಸಿದ.

ಮೂರು ತಿಂಗಳ ಮೇಲೆ ಹೂಸ್ಟನ್ನಿಗೆ ಮರಳಿದ ಮರುದಿನ ಬೆಳಿಗ್ಗೆಯೇ ನಾನು ಅಪ್ಪನನ್ನು ಎಬ್ಬಿಸಿದೆ. ಅಮ್ಮ ಪೆಟ್ಟಿಗೆ ಬಿಚ್ಚುತ್ತಿದ್ದಳು. ಅಪ್ಪ, ಅಕ್ಕ, ನಾನು ಹೊರಟೆವು. ಕಾರಿನ ಸೀಟು ತೊಡೆ ಸುಡುತ್ತಿತ್ತು. ತೊಡೆಯ ಮೇಲೆ ಕಂಬಳಿ ಬೇರೆ. ಬೆವರು ಕಣ್ಣಿಗಿಳಿದರೂ ನಾನು ಅದನ್ನು ಹಿಂದಿನ ಡಿಕ್ಕಿಯಲ್ಲಿ ಹಾಕಲು ಬಿಡಲಿಲ್ಲ.

ಕಟ್ಟಡದ ಪಕ್ಕದ ಬಾಗಿಲು ತೆರೆದಿತ್ತು. ತಣ್ಣನೆಯ ಗಾಳಿ ಬಡಿಯುತ್ತದೆಂದು ನಾನು ಉಸಿರು ಬಿಗಿಹಿಡಿದು ಒಳಗೆ ಕಾಲಿಟ್ಟೆ. ಬಡಿಯಲಿಲ್ಲ. ಒಳಗೂ ಹೊರಗಿನಷ್ಟೇ ಸೆಕೆ. ಕೆಳಗೆ ನೋಡಿದರೆ ಮಂಜುಗಡ್ಡೆಯೇ ಇಲ್ಲ. ಬರೀ ಬೂದು ಬಣ್ಣದ ಸಿಮೆಂಟು ನೆಲ, ಅದರ ಮೇಲೆ ಸಾಲುಸಾಲಾಗಿ ಮಡಿಸುವ ಕುರ್ಚಿಗಳು. ನಾನು ಅಲ್ಲಿಯವರೆಗೆ ಆ ಮಂಜುಗಡ್ಡೆ ಬಾವಿಯಷ್ಟು ಆಳವಿದೆ ಎಂದುಕೊಂಡಿದ್ದೆ. ಯಾರೋ ನಮ್ಮ ಮನೆಯ ನೆಲವನ್ನೇ ಕಿತ್ತುಕೊಂಡು ಹೋದ ಹಾಗಾಯಿತು.

ಕಸ ಗುಡಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದ. ತಂಡ ಇಲ್ಲವಲ್ಲ, ನಿಮಗೆ ಗೊತ್ತಿಲ್ಲವೇ, ಪೇಪರಿನಲ್ಲೆಲ್ಲ ಬಂದಿತ್ತಲ್ಲ ಎಂದ. ಬೇಸಿಗೆಯ ನಡುವೆಯೇ ತಂಡವನ್ನು ಮುಚ್ಚಿದರಂತೆ. ಕೆಲವರನ್ನು ಕೆನಡಾದ ಒಂದು ಚಳಿಯ ಊರಿನ ತಂಡ ಕರೆಸಿಕೊಂಡಿತಂತೆ, ಉಳಿದವರು ದಿಕ್ಕಿಗೊಬ್ಬರಾದರಂತೆ. ಗೋಲ್‌ಕೀಪರ್ ಎಲ್ಲಿಗೆ ಹೋದನೆಂದು ಅಪ್ಪ ಎರಡು ಸಲ ಕೇಳಿದ. ಮುದುಕನಿಗೆ ಅದು ಗೊತ್ತಿರಲಿಲ್ಲ. ಸಮಾಧಾನ ಹೇಳುವವನ ಹಾಗೆ, ಅವರೇನು ಇಲ್ಲಿಯವರೇ, ಆ ತಂಡ ಕಟ್ಟಿದ್ದೂ ಬೇರೆ ಊರಿಗೆಂದು, ಅಲ್ಲಿ ಒಂದು ಆಟವೂ ಆಡದೆ ಇಲ್ಲಿಗೆ ಎದ್ದು ಬಂದಿತ್ತು ಎಂದ. ನನಗೆ ಇದು ಇನ್ನೂ ದೊಡ್ಡ ಪೆಟ್ಟು. ಊರಿಗೊಂದು ಗುಡ್ಡ, ಊರಿಗೊಂದು ಕೆರೆ ಇರುವ ಹಾಗೆ ತಂಡವೂ ಊರಿನ ಜೊತೆಗೇ ಹುಟ್ಟುತ್ತದೆ, ಅಲ್ಲೇ ಇರುತ್ತದೆ ಎಂದು ನಾನು ನಂಬಿದ್ದೆ.

ಗೇಲಿ ಮಾಡುತ್ತಿದ್ದ ಅಕ್ಕ ನನ್ನ ಕೈಯಿಂದ ಕಂಬಳಿಯ ಒಂದು ತುದಿ ತಾನು ಹಿಡಿದುಕೊಂಡಳು. ಯಾವತ್ತೂ ಪ್ಯಾಂಟಿನ ಇಸ್ತ್ರಿ ಕೆಡಿಸಿಕೊಳ್ಳದ ಅಪ್ಪ ಧೂಳಿನ ಮೆಟ್ಟಿಲ ಮೇಲೆ ಕುಸಿದು ಕೂತ. ನನಗೆ ಒಂದೇ ವಿಷಯ ಕೊರೆಯುತ್ತಿತ್ತು. ಅದನ್ನು ಕೇಳಿಯೇಬಿಟ್ಟೆ.

"ಅಪ್ಪಾ, ನಾವು ಊರಿಗೆ ಹೋಗಿದ್ವಿ ಅಂತ ಅವರೂ ಹೋದ್ರೇನು?"

ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡ. "ಇಲ್ಲವಾ. ನಾವು ಇಲ್ಲೇ ಇದ್ದಿದ್ರೂ ಹೋಗತಿದ್ರು. ನಮಗ ಹೇಳಿ ಹೋಗತಿದ್ರು, ಅಷ್ಟ ಫರಕು."

ಆ ಫರಕಿಗೇ ನಾನು ಅವತ್ತು ಮನೆ ಮುಟ್ಟುವ ತನಕ ಅತ್ತೆ. ಅವನು ಕಾಯುತ್ತಿರುತ್ತೇನೆ ಎಂದಿದ್ದ, ನಾನು ತಂದಿದ್ದೆ, ಕೊಡುವುದಕ್ಕೆ ಅವನೇ ಇರಲಿಲ್ಲ. ಕಂಬಳಿಯನ್ನು ಅಮ್ಮ ಗರಾಜಿನಲ್ಲಿ ಕಾರಿನ ಎಣ್ಣೆ ತೊಟ್ಟಿಕ್ಕುವ ಜಾಗಕ್ಕೆ ಹಾಸಿದಳು. ನಾನು ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಎಷ್ಟೋ ದಿನ ಆಸ್ಪತ್ರೆಯಿಂದ ಬಂದ ಅಪ್ಪನನ್ನು, ಇವತ್ತು ಯಾರಾದರೂ ಹುಬ್ಬು ಒಡೆದುಕೊಂಡು ಬಂದಿದ್ದರಾ ಎಂದು ಕೇಳುತ್ತಿದ್ದೆ.

ಈಗ ನಾನು ಡಲ್ಲಾಸಿನ ಮಗ್ಗುಲಲ್ಲಿ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗ ಡಲ್ಲಾಸ್ ಐಸ್ ಹಾಕಿ ತಂಡದ ಹಸಿರು ಜೆರ್ಸಿ ಹಾಕಿಕೊಂಡೇ ಮಲಗುತ್ತಾನೆ. ಆಟಗಾರನೊಬ್ಬನ ಮಂಡಿ ನೋವು ಇವನಿಗೆ ಫೋನಿನಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದರೂ ಅಲ್ಲಿಂದಲೇ ಎಲ್ಲ ತಿಳಿದುಕೊಂಡಿರುತ್ತಾನೆ. ನನ್ನ ಹಾಗೆ ಸಾಮಾನು ಹೊತ್ತುಕೊಂಡು ಖಾಲಿ ಕಟ್ಟಡಕ್ಕೆ ಹೋಗಿ ನಿಲ್ಲುವ ಗತಿ ಇವನಿಗೆ ಬರಲಾರದು.

ಹೋದ ವಾರ ಅವನಿಗೆ ಇದನ್ನೆಲ್ಲ ಹೇಳುತ್ತ, ನಿಮ್ಮ ಡಲ್ಲಾಸ್ ತಂಡವೂ ಇಲ್ಲಿ ಹುಟ್ಟಿದ್ದಲ್ಲ, ಕೆರೆಗಳೇ ಹೆಪ್ಪುಗಟ್ಟುವ ಉತ್ತರದ ರಾಜ್ಯದಿಂದ ಎದ್ದು ಬಂದದ್ದು, ಆಗ ನಿಮ್ಮಮ್ಮ ಇನ್ನೂ ಮಗು ಎಂದುಬಿಟ್ಟೆ. ಅವನು ನಂಬಲಿಲ್ಲ. ಫೋನು ತೆಗೆದು ಹುಡುಕಿದ. ಓದುತ್ತ ಓದುತ್ತ ಅವನ ಮುಖ ಸಣ್ಣದಾಯಿತು. ಜೆರ್ಸಿಯ ತೋಳು ಎಳೆದುಕೊಂಡ. ಆಮೇಲೆ ಇಂಗ್ಲಿಷಿನಲ್ಲಿ, ಅಜ್ಜಿ, ತಂಡ ಹೊರಟಿತೆಂದು ಅಲ್ಲಿಯ ಮಕ್ಕಳಿಗೆ ಯಾರು ಹೇಳಿದರು ಎಂದು ಕೇಳಿದ.

ಡಲ್ಲಾಸ್ ಗೆದ್ದಾಗಲೆಲ್ಲ ನಾನು ಅವನ ಜೊತೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ, ನನಗೇ, ಆ ಪ್ರಶ್ನೆ ಹೊಳೆದಿರಲಿಲ್ಲ.