ಇಡ್ಲಿಯ ಗುಪ್ತ ವರದಿಗಳು

ನಾನು ಪಾಸು ಮಾಡಿದ ಟೈಪಿಂಗ್ ಪರೀಕ್ಷೆ ಜೀವನದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಕೆಲಸಕ್ಕೆ. ಒಬ್ಬ ಸರ್ವಾಧಿಕಾರಿಯ ಕಣ್ಣಿಗೆ ಪ್ರತಿ ತಿಂಗಳೂ ಮಣ್ಣೆರಚುವುದಕ್ಕೆ.

ತೊಂಬತ್ತರ ದಶಕದ ಮಾತು. ವಡೋದರಾದ ಫತೇಗಂಜ್‌ನಲ್ಲಿ ಅಪ್ಪನ ಉಡುಪಿ ಹೋಟೆಲ್ ಇತ್ತು. ನಾನು ಬಿ.ಕಾಂ. ಓದುತ್ತಿದ್ದೆ. ಮಧ್ಯಾಹ್ನ ಕಾಲೇಜು ಮುಗಿಸಿ ಬಂದು ಫ್ಯಾಮಿಲಿ ರೂಮಿನ ಮೂಲೆಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಹಾಸ್ಟೆಲಿನವರ ಥೀಸಿಸ್ಸು, ಅರ್ಜಿ ಕುಟ್ಟಿಕೊಡುತ್ತಿದ್ದೆ. ಆಫ್ರಿಕಾದ ಒಂದು ದೇಶದ ಏಳು ಮಂದಿ ವಿದ್ಯಾರ್ಥಿಗಳು ದಿನವೂ ಅದೇ ರೂಮಿಗೆ ಬರುತ್ತಿದ್ದರು. ದೇಶದ ಹೆಸರು ಬೇಡ. ಅದನ್ನು ಆಗ ಒಬ್ಬ ಜನರಲ್ ಆಳುತ್ತಿದ್ದ ಎಂದರೆ ಸಾಕು.

ಏಳರಲ್ಲಿ ಒಬ್ಬ ಉಳಿದವರಿಗಿಂತ ದೊಡ್ಡವನು, ಸೈನ್ಯದಲ್ಲಿ ಕ್ಯಾಪ್ಟನ್. ಸ್ಟ್ಯಾಟಿಸ್ಟಿಕ್ಸ್ ಓದಲು ಸರ್ಕಾರವೇ ಕಳಿಸಿತ್ತು. ಒಂದು ದಿನ ಕೈಬರಹದ ನಾಲ್ಕು ಹಾಳೆ ತಂದು ನನ್ನ ಮುಂದಿಟ್ಟ.

"ಸಿಸ್ಟರ್, ಓದು ನೆಪ. ಈ ಆರು ಜನ ಜನರಲ್ ಬಗ್ಗೆ ಏನು ಮಾತಾಡುತ್ತಾರೆಂದು ತಿಂಗಳಿಗೊಮ್ಮೆ ವರದಿ ಕಳಿಸುವುದು ನನ್ನ ಕೆಲಸ. ವರದಿಯಲ್ಲಿ ಹೆಸರು ಬಂದರೆ ಊರಲ್ಲಿ ಅವರ ಅಪ್ಪನನ್ನೋ ಅಣ್ಣನನ್ನೋ ಎತ್ತಿಕೊಂಡು ಹೋಗುತ್ತಾರೆ."

ನಾನು ಹಾಳೆಗಳನ್ನು ಅವನತ್ತ ತಳ್ಳಿದೆ. "ನಾನು ಟೈಪ್ ಮಾಡುವುದಿಲ್ಲ" ಎಂದೆ.

"ಮೊದಲು ಓದು" ಎಂದ.

ಓದಿದೆ. ಇಂಥವನು ಸೋಮವಾರ ಎರಡು ಮಸಾಲೆ ದೋಸೆ ತಿಂದ, ಜನರಲ್ ಬಗ್ಗೆ ಏನೂ ಹೇಳಲಿಲ್ಲ, ಬಾಯಿ ತುಂಬಿತ್ತು. ಇಂಥವಳು ಮಂಗಳವಾರ ಸಾಂಬಾರು ಸಿಹಿ ಎಂದು ಮಾಲೀಕರ ಜೊತೆ ವಾದಿಸಿದಳು, ವಾದದಲ್ಲಿ ರಾಜಕೀಯ ಅಂಶ ಕಂಡುಬರಲಿಲ್ಲ. ಹೀಗೆ ನಾಲ್ಕು ಪುಟ.

"ವಿದ್ಯಾರ್ಥಿಗಳು ಹೋಟೆಲಿನಲ್ಲಿ ಮಾಡುವುದನ್ನೆಲ್ಲ ಬರೆ ಎಂದು ಆದೇಶ. ಎಲ್ಲವನ್ನೂ ಬರೆದಿದ್ದೇನೆ. ಆದೇಶ ಮುರಿದವನನ್ನು ಹಿಡಿಯಬಹುದು. ಇಷ್ಟು ಪೂರ್ತಿಯಾಗಿ ಪಾಲಿಸಿದವನನ್ನು ಹೇಗೆ ಹಿಡಿಯುತ್ತಾರೆ?"

ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು. ಚಟ್ನಿಯ ವಿವರ ಸಾಲದು ಎಂದು ನಾನೇ ಸೇರಿಸುತ್ತಿದ್ದೆ. ಅಸಲಿಗೆ ಆ ಆರು ಜನ ಪಕ್ಕದ ಮೇಜಿನಲ್ಲೇ ಜನರಲ್‌ನ ಜನ್ಮ ಜಾಲಾಡುತ್ತಿದ್ದರು. ಎಲ್ಲರಿಗಿಂತ ಬಾಯಿ ಜೋರು ಹೋಮ್ ಸೈನ್ಸ್ ಓದುತ್ತಿದ್ದ ಹುಡುಗಿಯದು. ಅವಳ ಅಣ್ಣ ಊರಿನಲ್ಲಿ ಶಾಲಾ ಮಾಸ್ತರ. ಕ್ಯಾಪ್ಟನ್ ಮಾತ್ರ ತಲೆ ಬಗ್ಗಿಸಿ ಅವಳ ತಟ್ಟೆಯಲ್ಲಿದ್ದ ಇಡ್ಲಿ ಎಣಿಸುತ್ತಿದ್ದ.

ಒಂದು ವರ್ಷ ಹೀಗೇ ನಡೆಯಿತು. ನವೆಂಬರಿನಲ್ಲಿ ದೆಹಲಿಯ ಅವರ ರಾಯಭಾರ ಕಚೇರಿಯಿಂದ ಕಾಗದ ಬಂತು. ಒಬ್ಬ ಮೇಜರ್ ಭಾನುವಾರ ಬೆಳಗಿನ ರೈಲಿಗೆ ಬಂದು, ಆರು ಜನರನ್ನೂ ಒಬ್ಬೊಬ್ಬರಾಗಿ ವಿಚಾರಿಸಿ, ಸಂಜೆ ರೈಲಿಗೆ ಮರಳುತ್ತಾನೆ. ಎಲ್ಲರನ್ನೂ ಒಂದೇ ಕಡೆ ಸೇರಿಸಿಡತಕ್ಕದ್ದು.

ಕ್ಯಾಪ್ಟನ್ ಮೊದಲ ಬಾರಿಗೆ ತಿಂಡಿ ಬಿಟ್ಟು ಎದ್ದ. "ಆ ಹುಡುಗಿ ಸುಳ್ಳು ಹೇಳುವವಳಲ್ಲ. ಒಂಟಿಯಾಗಿ ಕೂರಿಸಿ ಕೇಳಿದರೆ ಮುಖಕ್ಕೇ ಹೇಳಿಬಿಡುತ್ತಾಳೆ. ಆಮೇಲೆ ಊರಲ್ಲಿ ಅವಳ ಅಣ್ಣನ ಕಥೆ ಮುಗಿದ ಹಾಗೆಯೇ" ಎಂದ.

ಅದೇ ಹೊತ್ತಿಗೆ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಬೆವರು ಒರೆಸುತ್ತ ಒಳಬಂದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ಅಧಿಕಾರಿ. ಭಾನುವಾರ ರಾಜ್ಯೋತ್ಸವ, ಅಹಮದಾಬಾದಿನಿಂದ ಬರಬೇಕಿದ್ದ ಮುಖ್ಯ ಅತಿಥಿ ಕೈಕೊಟ್ಟಿದ್ದ.

"ಪೇಟಾ ತರಿಸೇವಿ, ಶಾಲು ತರಿಸೇವಿ, ತಲಿನ ಇಲ್ಲಲ್ರೀ!" ಎಂದು ಅಪ್ಪನ ಮುಂದೆ ಗೋಳಾಡಿದರು.

ಅಪ್ಪ ಕ್ಯಾಪ್ಟನ್‌ನನ್ನು ನೋಡಿದರು, ನನ್ನನ್ನು ನೋಡಿದರು. ಅಪ್ಪನಿಗೆ ವರದಿಗಳ ವಿಷಯವೆಲ್ಲ ಗೊತ್ತಿತ್ತು. "ಭಾನುವಾರ ಒಬ್ರು ಮೇಜರ್ ಬರ್ತಾರೆ. ಫಾರಿನ್‌ನವರು. ಆಗ್ತದಾ?"

"ಮಿಲಿಟರಿ ಮಂದಿ ಅಂದ್ರ ಎಲ್ಲಿಯವ್ರಾದ್ರ ಏನ್ರೀ? ಕರಕೊಂಡು ಬರ್ರಿ!"

ಅಧ್ಯಕ್ಷರು ಹೋದ ಮೇಲೆ ನಾನು, "ಅಪ್ಪ, ಅವನು ಸಿಟ್ಟಾದರೆ?" ಎಂದೆ.

"ಎಂತ ಸಿಟ್ಟು ಮಗಾ? ಸನ್ಮಾನಕ್ಕೆ ಕೂತ ಮನುಷ್ಯ ಎದ್ದು ಎಲ್ಲಿಗೆ ಓಡುದು?"

ಭಾನುವಾರ ಮೇಜರ್ ರೈಲಿಳಿದ. ಎತ್ತರದ ಆಳು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಎಲ್ಲರನ್ನೂ ಒಂದೇ ಕಡೆ ಸೇರಿಸಿದ್ದೇನೆ ಎಂದು ಕ್ಯಾಪ್ಟನ್ ಸಲ್ಯೂಟ್ ಹೊಡೆದು ನೇರ ಸಭಾಂಗಣಕ್ಕೆ ಕರೆತಂದ. ಆರೂ ಜನ ಮೊದಲ ಸಾಲಿನಲ್ಲಿ ಇದ್ದರು ನಿಜ. ಅವರ ಹಿಂದೆ ಬ್ಯಾಂಕು, ವಿಮೆ, ರೈಲ್ವೆಯ ಇನ್ನೂರು ಮಂದಿ ಕನ್ನಡಿಗರೂ ಇದ್ದರು. ಮೇಜರ್ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಕೈಹಿಡಿದು ವೇದಿಕೆ ಹತ್ತಿಸಿ ಹಾರ ಹಾಕಿದರು.

ನಮ್ಮವರ ಕಾರ್ಯಕ್ರಮ ಗೊತ್ತಲ್ಲ. ನಾಡಗೀತೆ, ಸ್ವಾಗತ ಭಾಷಣ, ಪ್ರಾಸ್ತಾವಿಕ ಮಾತು, ಅತಿಥಿ ಪರಿಚಯ. ಪರಿಚಯಿಸಿದವರಿಗೆ ಅತಿಥಿಯ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೂ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಮಕ್ಕಳ ಪದ್ಯ. ವಡೋದರಾದಲ್ಲೇ ಹುಟ್ಟಿದ ಒಂದು ಮಗು ಕನ್ನಡ ಪದ್ಯವನ್ನು ಗುಜರಾತಿ ಲಿಪಿಯಲ್ಲಿ ಬರೆದುಕೊಂಡು ಬಂದು ಓದಿತು. ಮೇಜರ್ ಎರಡು ಸಲ ಗಡಿಯಾರ ನೋಡಿ ಮೇಲೇಳಲು ಹೋದ. ಎರಡು ಸಲವೂ ಅಧ್ಯಕ್ಷರು ಭುಜ ಒತ್ತಿ ಕೂರಿಸಿದರು. ಊಟಕ್ಕೆ ಅಪ್ಪ ಖುದ್ದಾಗಿ ನಿಂತು ನಾಲ್ಕು ಹೋಳಿಗೆ ಬಡಿಸಿದರು. ಊಟದ ಮೇಲೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪೇಟ ತೊಟ್ಟ ಮೇಜರ್‌ನನ್ನು ನೋಡಿ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ವಂದನಾರ್ಪಣೆ ಮುಗಿಯುವ ಹೊತ್ತಿಗೆ ರೈಲಿಗೆ ಅರ್ಧ ಗಂಟೆ ಉಳಿದಿತ್ತು.

ಹಣ್ಣಿನ ಬುಟ್ಟಿ ಹೊತ್ತು ನಾನೂ ಕ್ಯಾಪ್ಟನ್ ಜೊತೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಮೇಜರ್ ಕಿಸೆಯಿಂದ ಅವತ್ತಿನ ಕಾರ್ಯಕ್ರಮ ಪಟ್ಟಿ ತೆಗೆದ. ಅವನಿಗಾಗಿ ಇಂಗ್ಲಿಷಿನಲ್ಲಿ ನಾನೇ ಟೈಪ್ ಮಾಡಿಕೊಟ್ಟದ್ದು.

"ಈ ಯಂತ್ರದಲ್ಲಿ ಒಂದು ಅಕ್ಷರ ಸಾಲಿನಿಂದ ಮೇಲೆ ಹಾರುತ್ತದೆ. ಇಡ್ಲಿ ವರದಿಗಳಲ್ಲೂ ಹಾರುತ್ತದೆ. ನೀನೇ ತಾನೆ?" ಎಂದು ನನ್ನನ್ನೇ ಕೇಳಿದ.

ಸತ್ತೆ ಎಂದುಕೊಂಡೆ. ಅಂಥ ದೊಡ್ಡ ಹೂಟ ಹೂಡಿ ಅದೇ ಟೈಪ್‌ರೈಟರ್ ಬಳಸಿದ್ದೆನಲ್ಲ!

ಮೇಜರ್ ದನಿ ತಗ್ಗಿಸಿದ. "ನಿಮ್ಮ ವರದಿ ಮೊದಲು ಬರುವುದು ನನ್ನ ಮೇಜಿಗೆ. ಒಂದು ವರ್ಷದಿಂದ ನಾನೇ ಮೊಹರು ಹಾಕಿ ಮುಂದೆ ಕಳಿಸುತ್ತಿದ್ದೇನೆ. ಆದರೆ ನಿಮ್ಮ ಹುಡುಗರು ತೀರಾ ಒಳ್ಳೆಯವರು. ಮೇಲಿನವರಿಗೆ ಅನುಮಾನ ಬಂದಿದೆ. ಆಗಾಗ ಒಂದು ಜಗಳ ಸೇರಿಸಿ."

ರೈಲು ಬಂತು. ಮೇಜರ್ ಮೆಟ್ಟಿಲ ಮೇಲೆ ನಿಂತು ಹೇಳಿದ: "ಈ ದಿನದ ಬಗ್ಗೆಯೂ ವರದಿ ಕೇಳುತ್ತಾರೆ. ನಾನು ರಾಕ್ಷಸನ ಹಾಗೆ ನಡೆದುಕೊಂಡೆ ಎಂದು ಬರೆಯಿರಿ. ಆ ಆರು ಜನರಿಗೂ ಹಾಗೇ ಹೇಳಿ. ನನ್ನ ಬಗ್ಗೆ ಯಾರ ಬಾಯಲ್ಲೂ ಒಳ್ಳೆಯ ಮಾತು ಬರಬಾರದು. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನನ್ನು ಜನ ಹೊಗಳಿದ್ದರು."

ಅವನಿಗೆ ಏನಾಯಿತೆಂದು ನಾವು ಕೇಳಲಿಲ್ಲ.

ವರದಿ ಬರೆದೆವು. ಅದುವರೆಗೆ ಜನರಲ್ ವಿಷಯವೊಂದನ್ನು ಬಿಟ್ಟರೆ ನಾವು ಒಂದು ಸುಳ್ಳನ್ನೂ ಬರೆದಿರಲಿಲ್ಲ, ಅವತ್ತು ಮಾತ್ರ ಒಂದು ನಿಜವನ್ನೂ ಬರೆಯಲಿಲ್ಲ. ಮೇಜರ್ ಕಿರುಚಿದ, ಮೇಜು ಗುದ್ದಿದ, ಒಂದು ಹುಡುಗಿಗೆ ಅವಳ ಅಣ್ಣನ ಹೆಸರು ಹಿಡಿದು ಬೆದರಿಕೆ ಹಾಕಿದ. ಕ್ಯಾಪ್ಟನ್ ಆ ಆರು ಜನರನ್ನು ಕೂರಿಸಿಕೊಂಡು, ಸ್ಟೇಷನ್ನಿನಲ್ಲಿ ಅವನು ನಿಮ್ಮೆಲ್ಲರ ಹೆಸರು ಬರೆದುಕೊಂಡು ಹೋದ, ಯಾರು ಕೇಳಿದರೂ ಸಭಾಂಗಣದಲ್ಲೇ ಬೆದರಿಸಿದ ಎನ್ನಿ, ಎಂದ. ಹುಡುಗಿ ಎರಡು ದಿನ ಅತ್ತಳು. ಆಮೇಲೆ ಬೈಯಲು ಶುರುಮಾಡಿದಳು. ಜನರಲ್‌ಗೆ ಬೀಳುತ್ತಿದ್ದ ಬೈಗುಳದಲ್ಲಿ ಅರ್ಧ ಪಾಲು ಮೇಜರ್‌ಗೆ ಹೋಯಿತು. ನನಗೆ ಒಳಗೊಳಗೇ ಸಂಕಟ, ಆದರೂ ಹೂಂಗುಟ್ಟಿದೆ.

ಕ್ಯಾಪ್ಟನ್ ಓದು ಮುಗಿಸಿ ಊರಿಗೆ ಹೋದ. ಕೆಲವು ವರ್ಷಗಳಲ್ಲಿ ಜನರಲ್ ಕೂಡ ಕುರ್ಚಿಯಿಂದ ಉರುಳಿದ. ಅಪ್ಪ ಅವತ್ತು ಫ್ಯಾಮಿಲಿ ರೂಮಿಗೆಲ್ಲ ಜಿಲೇಬಿ ಹಂಚಿದರು. ತಿಂಗಳೆರಡು ಕಳೆದು ಕ್ಯಾಪ್ಟನ್‌ನಿಂದ ಕಾಗದ ಬಂತು. ಹೊಸ ಸರ್ಕಾರ ಹಳೆಯ ಕಡತಗಳನ್ನೆಲ್ಲ ತೆಗೆದಿತ್ತು. ಅದರಲ್ಲಿ ನಮ್ಮ ವರದಿ ಸಿಕ್ಕಿತ್ತು. ವಿದ್ಯಾರ್ಥಿಗಳನ್ನು ಹಿಂಸಿಸಿದ ಜನರಲ್‌ನ ಬಂಟ ಎಂದು ಮೇಜರ್‌ನನ್ನು ಜೈಲಿಗೆ ಹಾಕಿದ್ದರು. ವರದಿ ಬರೆದ ನನ್ನ ಮಾತನ್ನು ಯಾರೂ ನಂಬುತ್ತಿಲ್ಲ, ಆ ಹುಡುಗಿಯ ಹೇಳಿಕೆ ಬೇಕು, ಎಂದು ಬರೆದಿದ್ದ.

ಅವಳು ಪಿಎಚ್.ಡಿ. ಮಾಡುತ್ತ ವಡೋದರಾದಲ್ಲೇ ಇದ್ದಳು. ಅದೇ ರೂಮಿನಲ್ಲಿ ಕೂರಿಸಿ ಎಲ್ಲ ಹೇಳಿದೆ.

"ಸುಳ್ಳು. ಅವನನ್ನು ಉಳಿಸಲು ಕಥೆ ಕಟ್ಟುತ್ತಿದ್ದೀಯ" ಎಂದಳು.

ನಮ್ಮ ಸುಳ್ಳು ಅಷ್ಟು ಗಟ್ಟಿಯಾಗಿತ್ತು. ನನಗೆ ಅಳು ಬಂತು. "ಅವತ್ತು ಇಡೀ ದಿನ ಅವನ ಎದುರಿಗೇ ಕೂತಿದ್ದೆಯಲ್ಲ, ಊಟಕ್ಕೂ ನೀನು ಅವನ ಪಕ್ಕದಲ್ಲೇ ಇದ್ದೆ. ನಿನ್ನನ್ನು ಏನು ಕೇಳಿದ?" ಎಂದೆ.

ಅವಳು ಯೋಚಿಸಿದಳು. ಹಾರ, ಹೋಳಿಗೆ, ಪೇಟ ಎಂದು ಆ ದಿನವನ್ನು ಬೆರಳಲ್ಲಿ ಎಣಿಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು, "ಟೈಪ್ ಮಾಡು" ಎಂದಳು. ಹೇಳಿಕೆ ಒಂದೇ ವಾಕ್ಯದ್ದು: ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸಹಿ ಹಾಕಿ, ಅದರ ಕೆಳಗೆ ಇನ್ನೊಂದು ಸಹಿಗೆ ಗೆರೆ ಎಳೆಯಲು ಹೇಳಿದಳು.

"ಯಾರಿಗೆ?"

"ಅಣ್ಣನಿಗೆ. ಅವನೂ ಸಹಿ ಹಾಕಲಿ. ಅವರ ಮೊಹರಿನಿಂದಲೇ ಬದುಕಿದ್ದಾನಲ್ಲ."